ಉಗುರಳತೆ

ಅಪ್ಪ ಪಿಳ್ಳಪ್ಪ, ಫಾರೆಸ್ಟ್ ವಾಚರು.
ಹೆಬ್ಬೆರಳ ಉಗುರೇ ಅವನ ಅಳತೆಗೋಲು:
ಗಂಧದೆಲೆ ಉಗುರಿಗಿಂತ ಕಿರಿದಾಗಿ
ಬೆದರಿದ ಬೆಕ್ಕಿನ ಬಾಲದ ಹಾಗೆ
ಕೊಂಬೆ ನಿಗುರಿಕೊಂಡರೆ
ಬುಡಕ್ಕೊಂದು ಸುಣ್ಣದ ಗೀಟು.
ಮಾರನೆಯ ದಿನ ಗುದ್ದಲಿ, ಕೊಡಲಿ, ಬೆಂಕಿ.

ತಲಕಾಯಲಬೆಟ್ಟದ ತಪ್ಪಲಲ್ಲಿ
ಒಂದೇ ಬೇಸಿಗೆಗೆ ಮುನ್ನೂರು ಗೀಟು.
ಊರವರು ಮೂಗರಳಿಸಿಕೊಂಡು ಬಂದರು:
ಗಂಧ ಸುಡುತ್ತಾರಂತೆ,
ಘಮ ಶಿಡ್ಲಘಟ್ಟದ ತನಕ ಹೋದೀತು.
ಹೋಗಲಿಲ್ಲ.
ಎಳೆಯ ಮರಗಳು, ಚೇಗು ಕಟ್ಟಿರಲಿಲ್ಲ.
ಸೌದೆ ಸುಟ್ಟರೆ ಯಾವ ವಾಸನೆಯೋ ಅದೇ.
ಅಪ್ಪನ ಖಾಕಿ ಅಂಗಿಯನ್ನು ಅವ್ವ
ಎರಡು ಸಲ ಒಗೆದಳು, ಮಾತಾಡದೆ.

ಈಗ ನಾನು ನರ್ಸರಿಯಲ್ಲಿ ದಿನಗೂಲಿ.
ಬೀಜ ಸಿಕ್ಕಿದ್ದು ಬೆಟ್ಟದಲ್ಲಲ್ಲ,
ಗೂಡಿನ ಮಾರ್ಕೆಟ್ಟಿನ ಆಚೆ, ಖಬರಸ್ತಾನದಲ್ಲಿ.
ಸುತ್ತ ಏಳು ಮರ ಒಣಗಿ ನಿಂತಿವೆ,
ನಡುವಿನದೊಂದಕ್ಕೆ ಏನೂ ಆಗಿಲ್ಲ.
‘ಯಾಕೋ ಗೊತ್ತಿಲ್ಲಮ್ಮಾ’ ಅಂದರು ಖಲಂದರ್ ಸಾಬರು,
‘ಇಷ್ಟು ದಿನ ಕೇಳಿದವರೂ ಇಲ್ಲ.’
ಪಿಕಳಾರ ತಿಂದು ಉದುರಿಸಿದ್ದನ್ನು
ಗೋರಿಗಳ ಮೇಲಿಂದ ಆಯ್ದು
ಟವೆಲಿನ ಚುಂಗಿಗೆ ಕಟ್ಟಿ ಕೊಟ್ಟರು.
ನಲವತ್ತೆರಡು. ಎಣಿಸಿ, ಸಹಿ ಹಾಕಿಸಿಕೊಂಡೇ ಬಿಟ್ಟರು.

ಹತ್ತೊಂಬತ್ತು ಮೊಳೆತವು.
ಒಂದೊಂದರ ಪಕ್ಕಕ್ಕೂ ಒಂದು ತೊಗರಿ.
ಗಂಧ ಒಂಟಿಯಾಗಿ ಬದುಕುವ ಜಾತಿಯಲ್ಲ,
ಮಣ್ಣೊಳಗೆ ಕೈಚಾಚಿ ನೆರೆಯ ಬೇರು ಹಿಡಿದು ಹೀರುತ್ತದೆ.
ಕಳ್ಳಬೇರು ಅನ್ನುತ್ತಾರೆ ಸಾಹೇಬರು.
ನಮ್ಮ ಬೀದಿಯಲ್ಲಿ ಅದಕ್ಕೆ ಕೈಗಡ ಅಂತೀವಿ.

ಆಷಾಢದ ಗಾಳಿಗೆ ಜಿಗಿಹುಳು ಬಂತು.
ಪರದೆಯಲ್ಲಿದ್ದದ್ದು ಒಂದೇ ಕಿಂಡಿ,
ಕಡಲೆಕಾಯಿ ತೂರುವಷ್ಟು.
ಮೂರು ಸಸಿಗಳ ತುದಿ ನಿಗುರಿತು.
ಸುಣ್ಣ ತರಲು ಎದ್ದವಳು ಮತ್ತೆ ಕೂತೆ:
ಇಷ್ಟು ಚಿಕ್ಕದಕ್ಕೆ ಗೀಟು ಎಲ್ಲಿ ಎಳೆಯೋದು?
ಕಿತ್ತೆ, ಮೂರನ್ನೂ.
ಹಿಡಿದ ಬೇರು ತೊಗರಿಯನ್ನು ಬಿಡಲಿಲ್ಲ,
ಅದೂ ಜೊತೆಗೇ ಬಂತು.
ಬೆಂಕಿಗೆ ಹಾಕಿ ಮೂಸಿ ನೋಡಿದೆ,
ಗೊತ್ತಿದ್ದೂ.

ಹದಿನಾರು ಉಳಿದಿವೆ.
ಚೇಗು ಕಟ್ಟಲು ಇಪ್ಪತ್ತು ವರ್ಷ ಬೇಕು;
ನನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ.
ಬೆಳಿಗ್ಗೆ ನೀರು ಹಿಡಿಯುವ ಮುಂಚೆ
ಎಲೆಯೆಲೆಯ ಮೇಲೂ ಹೆಬ್ಬೆರಳಿಡುತ್ತೇನೆ.
ಅಪ್ಪನದಕ್ಕಿಂತ ನನ್ನ ಉಗುರು ಚಿಕ್ಕದು,
ಅದಕ್ಕೇ ಒಂದು ಅಕ್ಕಿಕಾಳಿನಷ್ಟು ಸೇರಿಸಿ ಅಳೆಯುತ್ತೇನೆ.
ಉಗುರ ಸುತ್ತ ಹಸಿರು ಕಾಣಬೇಕು.

ಇವತ್ತು ಕಂಡಿತು.