ಒಣಸೇತುವೆಯಲ್ಲಿ ಹಸಿರು ವೈರು ವಾಪಸು

ತಾ ಇಲ್ಲಿ, ಅಳುಮೋರೆ ಬೇಡ.
ಹತ್ತರ ಕಟ್ಟಿನಲ್ಲಿ ಒಂದು ಸತ್ತಿದೆ ಅಂತ ತಾನೇ?
ಎರಡು ರಾತ್ರಿ ಕೂತೆಯಂತೆ, ಉಚಾ,
ರೆಸಿಸ್ಟರಿನ ಬಣ್ಣದ ಪಟ್ಟಿ ಮತ್ತೆ ಮತ್ತೆ ಎಣಿಸಿ,
ಟ್ರಾನ್ಸಿಸ್ಟರಿನ ಕಾಲು ಹಿಂದುಮುಂದು ಮಾಡಿ,
ಕೊನೆಗೆ ಗಣಿತದ ಮೇಷ್ಟ್ರನ್ನೂ ಬೈದು.
ವೈರನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ.
ಹೊರಗಿನಿಂದ ಎಷ್ಟು ಹಸಿರು!

ಈ ರಬ್ಬರಿನ ಕುಪ್ಪಸ ಹಿಂದಕ್ಕೆ ಸರಿಸು. ಇನ್ನೂ.
ಕಂಡಿತಾ? ಬೆಸುಗೆಯೇ ಇಲ್ಲ.
ತಾಮ್ರದ ನಾಲ್ಕು ಎಳೆ ಮಡಚಿ
ತಗಡಿನ ಕಂಕುಳಲ್ಲಿ ಸಿಕ್ಕಿಸಿ ಕಳಿಸಿದ್ದಾರೆ.
ಮೂರು ಮುರಿದಿವೆ, ನಾಲ್ಕನೆಯದು
ಮನಸ್ಸು ಬಂದರೆ ಮುಟ್ಟುತ್ತದೆ, ಇಲ್ಲವಾದರೆ ಇಲ್ಲ.
ನಾನು ಮಾರಿದ್ದು ಹೌದು, ಮಾಡಿದ್ದಲ್ಲ.
ಇಪ್ಪತ್ತೆರಡು ವರ್ಷ ರೇಡಿಯೋ ಕಾರ್ಖಾನೆಯಲ್ಲಿ
ಬೆಸುಗೆ ಹಾಕಿದ ಕೈ ಇದು. ಹೀಗೆ ಹಾಕಿದ್ದರೆ
ನಮ್ಮ ಮೇಲ್ವಿಚಾರಕಿ, ಆ ದಪ್ಪ ತ್ಸಿಯಾಲಾ,
ಹಲಗೆಯನ್ನೇ ಮುಖಕ್ಕೆ ಹಿಡಿಯುತ್ತಿದ್ದಳು.

ಮೊಸಳೆ ಅಂತ ಇದಕ್ಕೆ ಹೆಸರಿಟ್ಟವನು
ಮೊಸಳೆ ನೋಡಿರಲಾರ.
ಅದು ಹಿಡಿದರೆ ಬಿಡುವುದಿಲ್ಲವಂತೆ.
ಇದು ಎರಡು ಬೆರಳಿಗೆ ಬಾಯಿಬಿಡುತ್ತದೆ.
ನಾನೂ ನೋಡಿಲ್ಲ, ಬಿಡು.

ನೀನು ಹುಟ್ಟುವ ಮೊದಲಿನ ಮಾತು.
ಟ್ಬಿಲಿಸಿಗೆ ಟ್ಬಿಲಿಸಿಯೇ ಕತ್ತಲೆ,
ರೊಟ್ಟಿಯ ಸಾಲಿನಲ್ಲೇ ಬೆಳಗಾಗುವುದು.
ಸಂಜೆಯಾದರೆ ನಮ್ಮ ವಾಲೀಕೊ ಝಿಗುಲಿಯ ಬ್ಯಾಟರಿ ಬಿಚ್ಚಿ
ಕೂಸಿನ ಹಾಗೆ ಎದೆಗೊತ್ತಿಕೊಂಡು
ಮೂರು ಮಹಡಿ ಹತ್ತುತ್ತಿದ್ದ,
ಕಾರಿನಲ್ಲೇ ಬಿಟ್ಟರೆ ಕಳ್ಳರ ಪಾಲು.
ಕೆಂಪು ಒಂದು, ಕಪ್ಪು ಒಂದು, ಇಂಥವೇ ಎರಡು ಕಚ್ಚಿಸಿದರೆ
ಹೆಬ್ಬೆರಳು ಗಾತ್ರದ ಬಲ್ಬು, ಅದರ ಸುತ್ತ ನಾವು.

ಮೇಲಿನ ಮನೆಯ ಅಂಬ್ರೋಸಿ ಒಂದು ದಿನ
ಕಿಟಕಿಯಿಂದ ಜೋಡಿ ವೈರು ಇಳಿಬಿಟ್ಟು ಕೇಳಿದ.
ಒಂಟಿ ಮುದುಕ, ಓದುವ ಚಟ.
ಬೇಡವೆನ್ನುವುದು ಹೇಗೆ? ಕಚ್ಚಿಸಿದೆವು.
ನಮ್ಮ ಬೆಳಕೇನೂ ಕುಗ್ಗಲಿಲ್ಲ,
ಬ್ಯಾಟರಿಯ ಆಯುಸ್ಸು ಕುಗ್ಗಿತು.

ಫೆಬ್ರವರಿಯ ಒಂದು ರಾತ್ರಿ ಮಗುವಿಗೆ ಜ್ವರ,
ಬಲ್ಬು ಕಿತ್ತಳೆಗೆ ತಿರುಗಿತ್ತು.
ವಾಲೀಕೊನನ್ನು ಎಬ್ಬಿಸದೆ ಎದ್ದು
ಅಂಬ್ರೋಸಿಯ ಕೆಂಪನ್ನು ಬಿಡಿಸಿದೆ.
ಸದ್ದೇ ಆಗಲಿಲ್ಲ.
ಮೇಲೆ ಕುರ್ಚಿ ಒಮ್ಮೆ ಸರಿದದ್ದು ಕೇಳಿತು, ಅಷ್ಟೆ.

ಬೆಳಿಗ್ಗೆ ಮತ್ತೆ ಕಚ್ಚಿಸೋಣವೆಂದು ಹೋದರೆ
ಕಿಟಕಿಯಲ್ಲಿ ವೈರೇ ಇರಲಿಲ್ಲ,
ಮೇಲಕ್ಕೆಳೆದುಕೊಂಡಿದ್ದ.
ಮೆಟ್ಟಿಲಲ್ಲಿ ಸಿಕ್ಕಾಗ ಟೋಪಿ ಎತ್ತಿ
‘ಮಗು ಹೇಗಿದೆ, ಲಾಮ್ಜಿರಾ?’ ಅಂದ.
ವಾಸಿ ಅಂದೆ.
ಆಮೇಲೆ ಕರೆಂಟು ಬಂತು, ಎಷ್ಟೋ ವರ್ಷಕ್ಕೆ.
ಅವನು ಇರಲಿಲ್ಲ.

ಅಲ್ಲಾಡಿಸಬೇಡ, ಗಟ್ಟಿಯಾಗಿ ಹಿಡಿ.
ಗಾಳಿ ನದಿ ಕಡೆಯಿಂದ, ಈ ಗ್ಯಾಸಿನ ಕಡ್ಡಿ ಕಾಯುವುದು ನಿಧಾನ.
ರಾಳದ ಹೊಗೆ ಕಣ್ಣಿಗೆ ಹತ್ತುತ್ತದೆ, ಆಚೆ ತಿರುಗು.
ಸೀಸ ತಾನಾಗಿ ಕರಗಿ ಹರಿಯಬೇಕು,
ಉಗುಳಿ ಅಂಟಿಸಿದ ಹಾಗಿರಬಾರದು.
ಊದಬೇಡವೋ! ಅದರಷ್ಟಕ್ಕೆ ಆರಲಿ.

ಈಗ ಮೀಟರಿನ ಕಡ್ಡಿ ಈ ತುದಿಗೊಂದು, ಆ ತುದಿಗೊಂದು.
ವೈರು ಬಗ್ಗಿಸು. ತಿರುಚು. ಎಳೆ, ಇನ್ನೂ ಎಳೆ.
ಕೂಗುತ್ತಲೇ ಇದೆಯಾ?
ಹಾಗಾದರೆ ಹೋಗು, ದುಡ್ಡು ಬೇಡ.
ಉಳಿದ ಒಂಬತ್ತನ್ನೂ ಶನಿವಾರ ತಾ.