ಪ್ಯಾಟರ್ನ್ ಯಾರದು

"ಸಣ್ಣದೈತ್ರಿ ಮೇಡಂ, ಒಂದ ಬಟನ್" ಅಂದರು
ಚೌಗಲೆ ಸಾಹುಕಾರರು.
ಹೋದ ತಿಂಗಳೂ ಒಂದೇ ಬಟನ್ ಇತ್ತು.
ಅದರ ಹಿಂದೆ ಹನ್ನೊಂದು ರಾತ್ರಿ,
ತೌಸೀಫನ ಕಣ್ಣಿನ ಕೆಂಪು,
ಜಿಎಸ್‌ಟಿಯ ಮೂರು ಹೊಸ ಕಾಲಂ,
ಮತ್ತೆ ಒಂದು ಕಪ್ ಚಹಾ.
ಚಹಾ ಮಾತ್ರ ಅವರ ಲೆಕ್ಕದಲ್ಲಿ.

ಉದ್ಯಮಬಾಗದ ಈ ಫೌಂಡ್ರಿಯಲ್ಲಿ
ಕುರ್ಚಿಗಳು ಎರಡು ಎತ್ತರದವು.
ನನ್ನದರಲ್ಲಿ ಕೂತರೆ ಟೇಬಲ್ಲು ಎದೆಗೆ ಬರುತ್ತದೆ,
ಲ್ಯಾಪ್‌ಟಾಪ್ ತೆರೆದರೆ ಮುಖವೇ ಮುಚ್ಚಿಹೋಗುತ್ತದೆ.
ಅದರ ಮರೆಯಲ್ಲಿ ಹ್ಞೂಂ ಅನ್ನುತ್ತೇನೆ.
ಹ್ಞೂಂ ಅನ್ನುವುದಕ್ಕೆ ರೇಟಿಲ್ಲ.

"ಆಗಂಗಿಲ್ಲ" ಎಂಬ ಮಾತನ್ನು
ಟಿಳಕವಾಡಿಯ ಮೊದಲ ಗೇಟಿನಲ್ಲಿ
ರೈಲಿಗಾಗಿ ನಿಂತಾಗ, ಹೆಲ್ಮೆಟ್ಟಿನೊಳಗೆ,
ಗಟ್ಟಿಯಾಗಿ ರೂಢಿ ಮಾಡಿಕೊಂಡೇ ಬಂದಿರುತ್ತೇನೆ.
ಇಲ್ಲಿ ಬಂದರೆ ಅದು "ನೋಡೋಣ್ರಿ" ಆಗುತ್ತದೆ.
ನೋಡೋಣ ಅಂದರೆ ಸೋಮವಾರ.
ಸೋಮವಾರ ಅಂದರೆ ರವಿವಾರ ಇಲ್ಲ.

ಹಾಗಂತ ನನ್ನ ಕೈ ಖಾಲಿ ಅಂದುಕೊಳ್ಳಬೇಡಿ.
ನಾಲ್ಕು ಸಾವಿರ ಸಾಲುಗಳ ನಡುವೆ
ಒಂದು ಸಾಲು ಹೂತಿಟ್ಟಿದ್ದೇನೆ:
ತಾರೀಖು ಮೂವತ್ತೊಂದು ದಾಟಿತೋ
ಚಲನ್ ಅಚ್ಚಾಗದು, ಗೇಟ್ ಪಾಸ್ ಹುಟ್ಟದು,
ತುಂಬಿದ ಲಾರಿ ತೂಕದ ಕಾಟಾದ ಮೇಲೆ
ಮೊಂಡ ಎಮ್ಮೆಯಂತೆ ನಿಂತುಬಿಡುತ್ತದೆ.
ಬಾಕಿ ಎಂಬತ್ತೈದು ಸಾವಿರ.
ತೌಸೀಫನಿಗೂ ಹೇಳಿಲ್ಲ.
ಆ ಸಾಲು ನೆನೆದರೆ ಕೆಲವು ರಾತ್ರಿ ಚಂದ ನಿದ್ದೆ ಬರುತ್ತದೆ.

ಇವತ್ತು ಇಪ್ಪತ್ತೊಂಬತ್ತು.
"ಸರ, ಆ ಬಾಕಿ" ಅನ್ನುವಷ್ಟರಲ್ಲಿ ಅವರ ಫೋನು ಬಡಕೊಂಡಿತು.
ಪುಣೆಯ ಪಂಪ್ ಕಂಪನಿ.
ಚೌಗಲೆಯವರು ಎದ್ದು ನಿಂತರು.
ಫೋನಿಗೆ ಯಾರಾದರೂ ಎದ್ದು ನಿಲ್ಲುತ್ತಾರೆಯೇ? ನಿಂತರು.
"ಹೋ ಸಾಹೇಬ. ಹೋ. ನಕ್ಕೀ."
ನಲವತ್ತು ಎರಕ ವಾಪಸು, ಒಳಗೆ ಗಾಳಿಗುಳ್ಳೆ.
ಕಿಲೋಗೆ ಒಂದೂವರೆ ರೂಪಾಯಿ ಕಡಿತ.
"ಬಘೂಯಾ ಸಾಹೇಬ" ಅಂದರು ಕೊನೆಗೆ.
ಮಾತು ಮರಾಠಿ. ಆದರೂ ಗುರುತು ಹತ್ತಿತು,
ನನ್ನ "ನೋಡೋಣ್ರಿ"ಯ ದಾಯಾದಿ.

ಕಣ್ಣು ತಪ್ಪಿಸಲು ಶೆಡ್ಡಿಗೆ ಇಳಿದೆ.
ಮೋನಪ್ಪ ಬಡಿಗೇರ ತೇಗಿನ ಪ್ಯಾಟರ್ನಿಗೆ
ಪಾಲಿಶ್ ಪೇಪರ್ ಹಾಕುತ್ತಿದ್ದ,
ಎರೆಯುವಾಗ ಕೂಸಿನ ಬೆನ್ನು ತಿಕ್ಕಿದಂತೆ.
"ಇದು ಇಲ್ಲಂದ್ರ ಇಲ್ಲಿ ಬರೇ ಉಸುಕು ನೋಡ್ರಿ" ಅಂದ.
ಗೋಡೆಗೆ ಅವನ ಮೂವತ್ತು ವರ್ಷ ತೂಗುತ್ತಿತ್ತು,
ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ
ಯಾವುದೋ ಕಂಪನಿಯ ಹೆಸರು.
"ಕೆತ್ತಿದಾವರು ನೀವು, ಹೆಸರು ಅವರದ್ಯಾಕ?"
"ರೊಕ್ಕ ಕೊಟ್ಟಾರಲ್ರಿ. ಮುನಿಸಿಕೊಂಡ್ರಂದ್ರ
ಎಲ್ಲಾ ಹೇರ್ಕೊಂಡು ಕೊಲ್ಹಾಪುರಕ್ಕ ಹೋಗ್ತಾರ."
ಸ್ವಲ್ಪ ಹೊತ್ತು ತಿಕ್ಕಿದ.
"ಕಬ್ಬಿಣ ಆರಿದ ಮ್ಯಾಲೆ ಎಲ್ಲಿ ಎಷ್ಟು ಕುಗ್ತೈತಿ ಅನ್ನೂದು
ಈ ಕಟಿಗ್ಯಾಗ ಇಲ್ಲ ಬಿಡ್ರಿ" ಅಂದು
ಹೆಬ್ಬೆರಳಿನಿಂದ ಅಂಚು ಸವರಿ ನೋಡಿಕೊಂಡ.

ಮೇಲೆ ಬಂದಾಗ ಸಾಹುಕಾರರು ಕೂತಿದ್ದರು.
ಕುರ್ಚಿ ಅಷ್ಟೇ ಎತ್ತರ, ಅವರು ಗಿಡ್ಡಾಗಿದ್ದರು.
"ಮೇಡಂ, ಆ ಸೋರ್ಸ್ ಕೋಡ್ ಅಂತಾರಲ್ಲ,
ಅದನ್ನ ನಮ್ಮ ಹೆಸರಿಗೆ ಮಾಡಿಕೊಡ್ರಿ.
ನಾಳೆ ನೀವೂ ಮುನಿಸಿಕೊಂಡ್ರಂದ್ರ?"
ಮೂರು ವರ್ಷದಲ್ಲಿ ಮೊದಲ ಸಲ
ನನಗೆ ಹೆದರಿದ ಮನುಷ್ಯನನ್ನು ಕಂಡೆ.
ಖುಷಿಯಾಯಿತು, ಸುಳ್ಳೇಕೆ.
ಆಮೇಲೆ ಅವರ ಚಹಾ ನೋಡಿದೆ,
ಮುಟ್ಟದೆ ಕೆನೆಗಟ್ಟಿತ್ತು.

"ಕೊಡ್ತೀನ್ರಿ. ಮೊದಲ ಬಾಕಿ."
ಮಾತು ಹೊರಬಿತ್ತು, ಹೆಲ್ಮೆಟ್ಟಿಲ್ಲದೆ.
ಪೆನ್ನು ಹುಡುಕಿದರು, ನನ್ನದೇ ಕೊಟ್ಟೆ.
ಚೆಕ್ಕಿನ ಮೇಲೆ ಪೂರಾ ಎಂಬತ್ತೈದು ಸಾವಿರ,
ತಾರೀಖು ಮಾತ್ರ ಮುಂದಿನ ತಿಂಗಳ ಹತ್ತು.

ರಾತ್ರಿ ಆ ಸಾಲನ್ನು ಹುಡುಕಿ ತೆಗೆದೆ.
ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು
ಅಂಚು ಸವರಿದಂತೆ ಸವರಿದೆ.
ಅಳಿಸಲಿಲ್ಲ.
ಮೂವತ್ತೊಂದನ್ನು ಮುಂದಿನ ತಿಂಗಳ ಹನ್ನೆರಡು ಮಾಡಿದೆ,
ಚೆಕ್ ಪಾಸಾಗಲು ಎರಡು ದಿನ ಬೇಕಲ್ಲ.

ಬಟನ್ನೂ ಮಾಡಿದೆ.
ಸಣ್ಣದೇ ಇತ್ತು.