ತಪ್ಪುಗಳು: ಸೊನ್ನೆ

ಪೀಣ್ಯ ಎರಡನೇ ಹಂತ, ಮೂರನೇ ಮಹಡಿ.
ಕೆಳಗಿನ ಪವರ್ ಪ್ರೆಸ್ಸು ಏಟಿಗೊಮ್ಮೆ
ನನ್ನ ಮೌಸನ್ನು ಕೂದಲೆಳೆಯಷ್ಟು ಸರಿಸುತ್ತದೆ.
ಪರದೆಯಲ್ಲಿ ಕಪ್ಪು ಬಯಲು,
ಬಯಲ ತುಂಬ ಸಿಕ್ಕುಬಿದ್ದ ನೂಲು.
ಒಂದು ಚಿಪ್ಪನ್ನು ಎಳೆದರೆ ಅಷ್ಟೂ ನೂಲು ಜೊತೆಗೇ ಹೊರಡುತ್ತದೆ,
ಮದುವೆಮನೆಯಲ್ಲಿ ಒಬ್ಬಳು ಎದ್ದರೆ
ಓರಗಿತ್ತಿಯರೆಲ್ಲ ಸೆರಗು ಕೊಡವಿ ಏಳುವಂತೆ.

ಬೈಯುವ ಮುಂಚೆ ಇದೊಂದು ಹೇಳಿಬಿಡುತ್ತೇನೆ:
ಇದಕ್ಕೆ ಮರೆವಿಲ್ಲ, ದಾಕ್ಷಿಣ್ಯವಿಲ್ಲ.
ಎಂಟು ಮಿಲ್ ಅಂತರ ಅಂದರೆ ಎಂಟೇ,
ರಾತ್ರಿ ಎರಡು ಗಂಟೆಗೂ ಎಂಟೇ.
ಎಡವಿದರೆ ಎರಡು ಬೆರಳು ಸಾಕು, ಕಂಟ್ರೋಲ್, ಜೆಡ್.
ಏಕಾಂಬರಂ ಸರ್ ಕಾಲದಲ್ಲಿ ಹಾಲುಗಾಜಿನ ಮೇಜು,
ಅಡಿಗೆ ಟ್ಯೂಬ್‌ಲೈಟು,
ಫಿಲಮ್ಮಿನ ಮೇಲೆ ಕೆಂಪು ಟೇಪು, ನೀಲಿ ಟೇಪು, ಬ್ಲೇಡು.
ಟೇಪು ಕಿತ್ತರೆ ಅಂಟು ಉಳಿಯುತ್ತಿತ್ತಂತೆ,
ಅಂಟಿಗೆ ಅವರದೇ ತೋಳಿನ ಕೂದಲು.
ಒಮ್ಮೆ ಆ ಕೂದಲೇ ತಾಮ್ರದಲ್ಲಿ ಅಚ್ಚಾಗಿ
ಇಡೀ ಬ್ಯಾಚು ಶಾರ್ಟ್ ಆಯಿತಂತೆ.
ಹೇಳುವಾಗ ಅವರಿಗೆ ನಾಚಿಕೆಗಿಂತ ಜಂಬ ಹೆಚ್ಚು.

ಸರಿ, ಇನ್ನು ಬೈಗುಳ.
ತಾನೇ ದಾರಿ ಹುಡುಕುವ ಗುಂಡಿ ಒಂದಿದೆ.
ಒತ್ತಿ ಕಾಫಿಗೆ ಹೋಗಿ ಬಂದೆ.
ತೊಂಬತ್ತೇಳು ಪರ್ಸೆಂಟ್ ಮುಗಿಸಿ ಕೂತಿತ್ತು;
ಹೊಸಬರನ್ನು ಯಶವಂತಪುರದಿಂದ ಮಲ್ಲೇಶ್ವರಕ್ಕೆ
ಹೆಬ್ಬಾಳದ ಮೇಲೆ ಕರೆದೊಯ್ಯುವ ಆಟೋದಂತೆ
ಪಕ್ಕದ ಕಾಲು ಮುಟ್ಟಲು ಊರೆಲ್ಲ ಸುತ್ತಿ,
ಹೆಜ್ಜೆಗೊಂದು ಅಂಡರ್‌ಪಾಸು ಕೊರೆದು.
ಉಳಿದ ಮೂರು ಪರ್ಸೆಂಟಿಗೆ ಎಲ್ಲೂ ಜಾಗವಿಲ್ಲ.
ಎಲ್ಲ ಅಳಿಸಿದೆ. ಕೈಯಲ್ಲೇ ಎಳೆದೆ, ಎರಡು ದಿನ.

ಆಮೇಲೆ ರಿಲೇ.
ಲೈಬ್ರರಿಯಲ್ಲಿ ಸಿದ್ಧವಾಗಿ ಸಿಕ್ಕಿತು, ಯಾರೋ ಪುಣ್ಯಾತ್ಮರು ಬರೆದದ್ದು,
ಐದು ಕಾಲು, ಅದರಲ್ಲೊಂದು ಓರೆ.
ಅವರು ಕೆಳಗಿಂದ ನೋಡಿ ಬರೆದಿದ್ದರು,
ನಾನು ಮೇಲಿಂದ ಅಂದುಕೊಂಡೆ.
ಇನ್ನೂ ಹುಟ್ಟದ ಬೋರ್ಡನ್ನು
ಮಗುಚಿ ಮಗುಚಿ ತೋರಿಸುವ ಕಿಟಕಿಯಲ್ಲಿ
ಎಲ್ಲಕ್ಕೂ ಮೈ ಇತ್ತು, ರಿಲೇ ಇರಬೇಕಾದಲ್ಲಿ ಖಾಲಿ ಸೈಟು.
ನಿಯಮ ತಪಾಸಣೆ ಒತ್ತಿದೆ.
ತಪ್ಪುಗಳು: ಸೊನ್ನೆ.
ಸುಳ್ಳೇನೂ ಅಲ್ಲ.
ಅದಕ್ಕೆ ಗೊತ್ತಿದ್ದ ತಪ್ಪುಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಇನ್ನೂರು ಬೋರ್ಡು ಬಂತು, ಹಸಿರಾಗಿ, ಮಿರಮಿರ.
ಪುಟ್ಟತಾಯಮ್ಮ ರಿಲೇ ಹಿಡಿದು ತೂತಿಗೆ ತೋರಿಸಿ,
ತಿರುಗಿಸಿ, ಮತ್ತೆ ತೋರಿಸಿ, ನನ್ನ ಕಡೆ ನೋಡಿ
"ಮೇಡಂ, ಇದು ಎಡಚರಿಗೆ ಅಂತ ಮಾಡ್ಸಿದ್ದಾ?"
ಯಾರೂ ನಗಲಿಲ್ಲ.
ಆಕೆಯೇ ಬೋರ್ಡು ಬೋರಲು ಹಾಕಿ
ಬೆನ್ನಿನ ಕಡೆಯಿಂದ ತೂರಿಸಿದಳು. ಕೂತಿತು.
ಇನ್ನೂರಕ್ಕೂ ಹಾಗೇ ಹೊರಿಸಿದೆವು, ಕೂಸುಮರಿ.
ಈಗ ಪೆಟ್ಟಿಗೆಯ ಮುಚ್ಚಳ ಬೀಳಲಿಲ್ಲ.
ಎಸ್.ಪಿ. ರೋಡಿಗೆ ಓಡಿ ಉದ್ದದ ಸ್ಪೇಸರ್ ತಂದೆ,
ಎಂಟುನೂರು, ಎಣಿಸದೆ ತೂಗಿ ಕೊಟ್ಟ.

ನೆಲಮಂಗಲದ ಆಚೆ ಎಲ್ಲೋ ಇನ್ನೂರು ಬೋರ್‌ವೆಲ್ಲು
ನನ್ನ ತಪ್ಪು ಹೊತ್ತುಕೊಂಡೇ ನೀರೆತ್ತುತ್ತಿವೆ.
ಏಕಾಂಬರಂ ಸರ್‌ಗೆ ಫೋನು ಮಾಡಿದೆ.
ಪೂರ್ತಿ ಕೇಳಿಸಿಕೊಂಡು ಒಂದೇ ಮಾತು:
"ಕಾಗದದ ಮೇಲೆ ಇಟ್ಟು ನೋಡಿದ್ಯಾ?"

ಅಂದಿನಿಂದ ಪ್ರತಿ ಬೋರ್ಡಿಗೂ ಮೊದಲು
ಒಂದಕ್ಕೊಂದು ಅಳತೆಯ ಪ್ರಿಂಟು.
ಜಾಲಹಳ್ಳಿ ಕ್ರಾಸಿನ ಜೆರಾಕ್ಸ್ ಅಂಗಡಿ.
ಹುಡುಗನ ಮಷೀನು ಕೇಳದೆಯೇ ಎಲ್ಲವನ್ನೂ
ಹಾಳೆಗೆ ಹೊಂದುವಷ್ಟು ಕುಗ್ಗಿಸುತ್ತದೆ,
ನೂರಕ್ಕೆ ತೊಂಬತ್ತಾರು.
ಕೌಂಟರಿನ ಮೇಲೆ ಸ್ಕೇಲಿಟ್ಟು ಅಳೆಯುತ್ತೇನೆ,
ಜೇಬಿನಿಂದ ರಿಲೇ ತೆಗೆದು
ಅದರ ಓರೆ ಕಾಲನ್ನು ಚುಕ್ಕೆಗೆ ಹಿಡಿಯುತ್ತೇನೆ.
ಹಿಂದಿನವರು ಆಧಾರ್ ಕಾರ್ಡು ಹಿಡಿದು
"ಬೇಗ ಮಾಡಮ್ಮಾ" ಅನ್ನುತ್ತಾರೆ.